ನಮ್ಮ ಮನೆಯ ನಿರುದ್ಯೋಗ ದರ

ಜೂನ್ ತಿಂಗಳಲ್ಲಿ ನಮ್ಮ ಮನೆಯ ನಿರುದ್ಯೋಗ ದರ ನೂರಕ್ಕೆ ನೂರು. ಇದನ್ನು ಲೆಕ್ಕ ಹಾಕಿದವರು ನಮ್ಮ ಯಜಮಾನರು ಕೃಷ್ಣಸ್ವಾಮಿ. ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ಆಯುಸ್ಸೆಲ್ಲ ಶೇಕಡಾವಾರು ತೆಗೆದು ನಿವೃತ್ತರಾದವರು. ಈಗ ತೆಗೆಯಲು ಬೇರೇನೂ ಸಿಗದೆ, ಉಕ್ಕಿ ಹೋದ ಹಾಲಿನ ಶೇಕಡಾವಾರು ತೆಗೆದು ನನಗೆ ಹೇಳುತ್ತಾರೆ.

ಆ ತಿಂಗಳು ಸರ್ಕಾರದ ಉದ್ಯೋಗ ಸಮೀಕ್ಷೆಗೆ ಜೀವನ್ ಭೀಮಾ ನಗರದ ನಮ್ಮ ಬೀದಿಯಲ್ಲಿ ಕೆಲವು ಮನೆಗಳನ್ನು ಆರಿಸಿದ್ದರು. ಶಿವಾಜಿನಗರದಿಂದ ರಿಮ್ಶಾ ಎಂಬ ಹುಡುಗಿ ಟ್ಯಾಬ್ ಹಿಡಿದು ಬಂದಳು. ನಾಲ್ಕು ತಿಂಗಳು, ತಿಂಗಳಿಗೊಮ್ಮೆ ಬಂದು ಅದೇ ಪ್ರಶ್ನೆ ಕೇಳುತ್ತೇನೆ ಎಂದಳು. ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಸಂಪಾದನೆಯ ಕೆಲಸ ಮಾಡಿದ್ದರೆ ಉದ್ಯೋಗಿ. ಮಾಡದೆ ಕೆಲಸ ಹುಡುಕುತ್ತಿದ್ದರೆ ನಿರುದ್ಯೋಗಿ. ಮಾಡದೆ, ಹುಡುಕದೆ ಇದ್ದವರು ಆ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲರ ಪರವಾಗಿ ಇವರೇ ಉತ್ತರ ಕೊಟ್ಟರು. ಮಗಳು ಆಶ್ರಿತಾಳನ್ನು ಇಂದಿರಾನಗರದ ಕಂಪನಿಯೊಂದು ಮನೆಗೆ ಕಳಿಸಿತ್ತು, ಅವಳು ಬೇರೆ ಕೆಲಸ ಹುಡುಕುತ್ತಿದ್ದಳು. ತಮಗೆ ಪೆನ್ಷನ್. ಆಮೇಲೆ ನನ್ನ ಸರದಿ ಬಂತು.

"ಇವಳಾ? ಏನೂ ಮಾಡಲ್ಲಮ್ಮ. ಸುಮ್ನೆ ಮನೇಲಿರ್ತಾಳೆ."

ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ದೊಡ್ಡ ಬಾಣಲೆಯ ಹುಣಸೆರಸ ಗೊಜ್ಜಾಗುವ ತನಕ ಕೈಬಿಡದೆ ತಿರುವುತ್ತಿದ್ದೆ. ಕೈಬಿಟ್ಟರೆ ತಳ ಹಿಡಿಯುತ್ತದೆ, ಇಲ್ಲದಿದ್ದರೆ ಸೌಟು ಸಮೇತ ಹೊರಗೆ ಬಂದು ಮಾತನಾಡುತ್ತಿದ್ದೆ. ನನ್ನ ಪುಳಿಯೋಗರೆ ಗೊಜ್ಜು ಕುಕ್ ಟೌನಿನಿಂದ ಕೃಷ್ಣರಾಜಪುರದವರೆಗೆ ಎಷ್ಟೋ ವರ್ಷಗಳಿಂದ ಮಾರಾಟವಾಗುತ್ತಿದೆ. ಇವರು ಅದಕ್ಕೆ ಇಟ್ಟಿರುವ ಹೆಸರು ಹವ್ಯಾಸ. ಆವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ಈ ಹುಡುಗಿಯ ಲೆಕ್ಕದಲ್ಲಿ ಕೆಲಸ ಮಾಡುವವಳು ಎಂದು ಬರೆಸಿಕೊಳ್ಳದೆ ಬಿಡುವುದಿಲ್ಲ ಎಂದು ಬಾಣಲೆಯ ಮುಂದೆಯೇ ನಿಶ್ಚಯಿಸಿದೆ.

ಅಂತೂ ಲೆಕ್ಕಕ್ಕೆ ಸಿಕ್ಕವಳು ಆಶ್ರಿತಾ ಒಬ್ಬಳೇ, ಅವಳೂ ನಿರುದ್ಯೋಗಿ. ಹಾಗಾಗಿ ನೂರಕ್ಕೆ ನೂರು. ಇವರು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗ್ರಾಫ್ ಎಳೆದು ಫ್ರಿಜ್ಜಿಗೆ ಅಂಟಿಸಿದರು.

ಜುಲೈನಲ್ಲಿ ಬೆಲ್ ಆದಾಗ ಇವರ ಚಪ್ಪಲಿ ಸಿಗಲಿಲ್ಲ. ಅದನ್ನು ಬಚ್ಚಿಟ್ಟವಳು ನಾನೇ. ಗೇಟಿಗೆ ಓಡಿ, ನನ್ನ ಪ್ರಶ್ನೆ ನನ್ನನ್ನೇ ಕೇಳು ಎಂದು ರಿಮ್ಶಾಗೆ ಹೇಳಿದೆ. ಮನೆಯ ಅಡುಗೆ, ಕಸ, ಪಾತ್ರೆ ಇದರಲ್ಲಿ ಸೇರುವುದಿಲ್ಲ ಎಂದು ಅವಳು ಮೊದಲೇ ಎಚ್ಚರಿಸಿದಳು. ನಾನು ಗೊಜ್ಜಿನ ಡಬ್ಬಗಳ ಸಾಲು ತೋರಿಸಿದೆ.

"ಮಾರ್ತೀರಲ್ಲ ಆಂಟಿ? ಹಾಗಾದ್ರೆ ನೀವು ಕೆಲಸದಲ್ಲಿದೀರ. ಸ್ವಂತ ಉದ್ಯೋಗ."

ಖುಷಿಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳಿಗೆ ಕಾಫಿ ಕೊಟ್ಟೆ, ಸಕ್ಕರೆ ಮರೆತೆ, ಸಕ್ಕರೆ ಹಾಕಲು ಹೋಗಿ ಇವರ ಲೋಟಕ್ಕೆ ಎರಡು ಸಲ ಹಾಕಿದೆ. ಚಪ್ಪಲಿ ಸಿಗದೆ ಬರಿಗಾಲಲ್ಲೇ ಬಂದ ಇವರು ಆ ಪಾಯಸವನ್ನು ತಳದವರೆಗೆ ಕುಡಿದರು. ದರ ಐವತ್ತಕ್ಕೆ ಇಳಿದಿತ್ತು. ಆದರೆ ಮನೆಯಲ್ಲಿ ಲೆಕ್ಕಕ್ಕೇ ಬಾರದವರು ಈಗ ಇವರೊಬ್ಬರೇ.

ಅದು ಇವರನ್ನು ಕೊರೆಯಿತು. ಮರುದಿನವೇ ಇಸ್ತ್ರಿ ಶರ್ಟು ಹಾಕಿಕೊಂಡು ಕೆಲಸ ಹುಡುಕಲು ಹೊರಟರು. ಹಲಸೂರಿನ ಒಂದು ಬೇರಿಂಗ್ ಅಂಗಡಿಯವರು ಏಣಿ ಹತ್ತಲು ಬರುತ್ತದೆಯೇ ಎಂದು ಕೇಳಿದರಂತೆ. ಕೃಷ್ಣರಾಜಪುರದಲ್ಲಿ ಇವರ ಸ್ನೇಹಿತ ಮುನಿನಾರಾಯಣಪ್ಪ ಇದ್ದಾರೆ. ಅವರ ರಾಗಿ ಹೊಲವೆಲ್ಲ ಈಗ ಬಾಡಿಗೆಯ ಗೋದಾಮು. ಅಲ್ಲಿ ಮೇಲ್ವಿಚಾರಣೆಗೆ ತಮ್ಮನ್ನು ಇಟ್ಟುಕೊಳ್ಳಬಾರದೇ ಎಂದು ಕೇಳಿದ್ದಕ್ಕೆ, ಅವರು ಸ್ವಾಮಿಗಳಿಗೆ ತಾನು ಕೆಲಸ ಕೊಡುವುದೇ ಎಂದು ಕಿವಿ ಮುಚ್ಚಿಕೊಂಡು, ಬಲವಂತವಾಗಿ ಊಟಕ್ಕೆ ಕೂರಿಸಿ, ಒಂದು ಬಾಳೆಗೊನೆ ಹೊರಿಸಿ ಕಳಿಸಿದರು. ಆ ಗೊನೆ ಹಿಡಿದು ಇವರು ತುಂಬಿದ ಬಸ್ಸಿನಲ್ಲಿ ನಿಂತು ಬಂದರು. ಒಂದು ವಾರ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಬಾಳೆಹಣ್ಣಿನ ರಸಾಯನ.

ಆಗಸ್ಟಿನಲ್ಲಿ ಇವರು ತಮ್ಮ ಓಡಾಟವನ್ನೆಲ್ಲ ಹೆಮ್ಮೆಯಿಂದ ರಿಮ್ಶಾಗೆ ಹೇಳಿದರು. ಅವಳು ಟ್ಯಾಬಿನಲ್ಲಿ ಒತ್ತಿ, ಅಂಕಲ್ ಈಗ ಲೆಕ್ಕಕ್ಕೆ ಬಂದರು ಎಂದಳು, ನಿರುದ್ಯೋಗಿಗಳ ಲೆಕ್ಕಕ್ಕೆ. ಇವರು ಪೆನ್ನು ತೆಗೆದು ಕೂಡಿಸಿದರು. ಮೂವರಲ್ಲಿ ಇಬ್ಬರು ನಿರುದ್ಯೋಗಿಗಳು, ಅಂದರೆ ನೂರಕ್ಕೆ ಅರವತ್ತೇಳರ ಹತ್ತಿರ. ಇಳಿಯುತ್ತಿದ್ದ ಗೆರೆ ಇವರ ಕೈಯಾರೆ ಮೇಲೆ ಹೋಯಿತು. ಆಶ್ರಿತಾ ಬಿಕ್ಕಳಿಕೆ ಬರುವ ತನಕ ನಕ್ಕಳು.

"ಅಪ್ಪ, ನೀವು ಸುಮ್ನೆ ಮನೇಲಿದ್ದಿದ್ರೆ ಟ್ರೆಂಡ್ ಚೆನ್ನಾಗಿತ್ತು."

ಸೆಪ್ಟೆಂಬರಿನಲ್ಲಿ ಗೊಂಬೆ ಕೂರಿಸುವ ಮನೆಗಳಿಂದ ಗೊಜ್ಜಿಗೆ ಆರ್ಡರುಗಳು ಬಂದು ಬಿದ್ದವು. ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತು. ಒಲೆಯ ಮುಂದಿನಿಂದಲೇ ಕೂಗಿ ಹೇಳಿದೆ:

"ರೀ, ಕೆಲಸ ಬೇಕಿದ್ರೆ ಇಲ್ಲಿದೆ. ಸಂಬಳ ಇಲ್ಲ."

ಇವರು ಇಸ್ತ್ರಿ ಶರ್ಟಿನಲ್ಲೇ ಬಂದರು. ಹತ್ತು ನಿಮಿಷ ತಿರುವಿದ ಮೇಲೆ ಟೀ ಬ್ರೇಕ್ ಯಾವಾಗ ಎಂದು ಕೇಳಿದರು. ಕೈಬಿಟ್ಟರೆ ತಳ ಹಿಡಿಯುತ್ತದೆ ಎಂದೆ. ಮತ್ತೆ ಹತ್ತು ನಿಮಿಷಕ್ಕೆ ಎಡಗೈಗೆ ಸೌಟು ಬದಲಾಯಿಸಿ, ಇಷ್ಟು ವರ್ಷ ಇದನ್ನು ಒಬ್ಬಳೇ ತಿರುವುತ್ತಿದ್ದೆಯಾ ಎಂದು ಮೆಲ್ಲಗೆ ಕೇಳಿದರು. ನಾನು ಹೂಂ ಎಂದೆ. ಇವರು ಸೌಟು ಬಿಡಲಿಲ್ಲ. ಆಶ್ರಿತಾ ಫೋನಿನಲ್ಲಿ ಆರ್ಡರು ಹಿಡಿದು, ಡಬ್ಬಗಳಿಗೆ ಚೀಟಿ ಅಂಟಿಸಿದಳು.

ರಿಮ್ಶಾ ಕೊನೆಯ ಸಲ ಬಂದಾಗ ಇವರ ಶರ್ಟಿನ ತುಂಬ ಗೊಜ್ಜು. ಏನು ಕೆಲಸ ಎಂದು ಅವಳು ಕೇಳಿದಾಗ ಇವರು ನನ್ನ ಕಡೆ ಬೆರಳು ತೋರಿಸಿ, ಇವಳ ಕೈಕೆಳಗೆ ಎಂದರು. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕರಿಗೂ ಉದ್ಯೋಗಿಗಳಲ್ಲಿ ಜಾಗವಿದೆಯಂತೆ. ಆಶ್ರಿತಾ ಒಂದು ಗಂಟೆಗಿಂತ ಹೆಚ್ಚು ಚೀಟಿ ಅಂಟಿಸಿದ್ದಳು, ಹಾಗಾಗಿ ಅವಳೂ ಉದ್ಯೋಗಿ. ಮರುದಿನ ಅವಳಿಗೆ ಇಂಟರ್‌ವ್ಯೂ ಇದ್ದದ್ದು ಬೇರೆ ಮಾತು. ನಮ್ಮ ಮನೆಯ ನಿರುದ್ಯೋಗ ದರ ಸೊನ್ನೆ. ಇವರು ಸೌಟು ಎತ್ತಿ ಹಿಡಿದು ನಡುಮನೆಯಲ್ಲಿ ಒಂದು ಸುತ್ತು ಕುಣಿದರು, ಮೊಣಕಾಲಿನ ನೋವು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು. ರಿಮ್ಶಾಳೂ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮುಂದಿನ ತಿಂಗಳು ಬೇರೆ ಮನೆಗಳು ಎಂದು ಹೇಳಿ ಹೋದಳು.

ಅಕ್ಟೋಬರಿನಲ್ಲಿ ನಮ್ಮನ್ನು ಕೇಳುವವರು ಯಾರೂ ಇರಲಿಲ್ಲ. ರಿಮ್ಶಾ ಬರುತ್ತಿದ್ದ ವಾರದಲ್ಲಿ ಒಂದು ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಇವರೇ, ತಮ್ಮ ಮನೆಯ ಹೊಸ್ತಿಲಿನ ಆಚೆ, ಇಸ್ತ್ರಿ ಶರ್ಟು ಹಾಕಿ, ಕೈಯಲ್ಲಿ ಪೆನ್ನು ಮತ್ತು ಹಾಳೆ ಹಿಡಿದು ನಿಂತಿದ್ದರು.

"ಕಳೆದ ಏಳು ದಿನದಲ್ಲಿ ನೀನು ಏನೇನು ಕೆಲಸ ಮಾಡಿದೆ, ಹೇಳು."

ನನಗೆ ನಗು ಬಂತು. ಒಳಗೆ ಹೋಗಿ ಒಲೆ ಆರಿಸಿ ಬಂದೆ.

"ಮಾರೋದು ಮಾತ್ರಾನಾ, ಅಡುಗೆ ಪಾತ್ರೆ ಎಲ್ಲ ಸೇರಿಸ್ಲಾ?"

"ಎಲ್ಲಾ ಹೇಳು," ಎಂದರು.

ಸೋಮವಾರ ಬೆಳಿಗ್ಗೆ ಹಾಲು ಕಾಯಿಸಿದಲ್ಲಿಂದ ಶುರು ಮಾಡಿದೆ. ಇವರು ಒಂದನ್ನೂ ಬಿಡದೆ ಬರೆದುಕೊಂಡರು. ನಾನಿನ್ನೂ ಮಂಗಳವಾರದ ಮಧ್ಯಾಹ್ನದಲ್ಲಿದ್ದೆ, ಆಗಲೇ ಇವರು ಇನ್ನೊಂದು ಹಾಳೆ ತರಲು ಒಳಗೆ ಹೋದರು.