ಅಮ್ಮನ ಪರವಾಗಿ ಒಂದು ಸ್ತೋತ್ರ

ಪರದೆ ಸರಿಯುತ್ತಿರಲಿಲ್ಲ. ಮಗಳು ಖಾಲಿ ಮಂಚದ ಮೇಲೆ ಹತ್ತಿ ನಿಂತು ಎರಡೂ ಕೈಯಿಂದ ಎಳೆದಳು. ಮೇಲಿನ ಉಂಗುರವೊಂದು ಸರಳಿನ ತುಕ್ಕಿಗೆ ಕಚ್ಚಿಕೊಂಡಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು, ಜನ ಬರತೊಡಗಿದ್ದರು. ಯಾರಾದರೂ ಈ ಕೋಣೆಗೆ ಬರುವ ಮೊದಲು ಕಿಟಕಿ ತೆರೆದಿರಬೇಕಿತ್ತು.

"ಅಲ್ಲಿ ಹತ್ತಿ ಏನ್ ಮಾಡ್ತಿದ್ದೀಯೇ?"

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಅಮ್ಮನಿಗಿಂತ ಆರು ವರ್ಷ ದೊಡ್ಡವಳು, ಸಾವಿನ ಮನೆಯಲ್ಲೂ ಕಸ ಎಲ್ಲಿದೆ ಎಂದು ಮೊದಲು ನೋಡುವವಳು.

"ಈ ಪರದೆ..."

"ಯಾರು ಮುಚ್ಚಿದ್ದು ಅದನ್ನ? ನಿಮ್ಮಮ್ಮ ನೋಡಿದ್ರೆ ನಿನ್ನ ಚರ್ಮ ಸುಲೀತಿದ್ಲು."

"ಬಿಸಿಲು ಬೀಳ್ತಿತ್ತು ದೊಡ್ಡಮ್ಮ. ಅಮ್ಮ ಹೋದ್ಮೇಲೆ ಮುಚ್ಚಿದೆ."

ಬಿಸಿಲು ಬೀಳುತ್ತಿದ್ದುದು ನಿಜ. "ಹೋದ್ಮೇಲೆ" ಅಂದದ್ದು ಸುಳ್ಳು.

ದೊಡ್ಡಮ್ಮ ಬಂದು ಒಂದೇ ಸಲಕ್ಕೆ ಜಗ್ಗಿದಳು. ಉಂಗುರ ಕಿತ್ತು ಎಲ್ಲೋ ಮೂಲೆಗೆ ಹಾರಿತು. ಬೆಳಕು ಹಾಸಿಗೆಯ ಮೇಲೆ, ತಲೆದಿಂಬಿನಲ್ಲಿ ಇನ್ನೂ ಉಳಿದಿದ್ದ ತಗ್ಗಿನ ಮೇಲೆ ಬಿತ್ತು. ದೊಡ್ಡಮ್ಮ ಆ ತಗ್ಗನ್ನು ಅಂಗೈಯಿಂದ ಸವರಿದಳು.

"ಆಕಾಶ ನೋಡ್ತಾ ನೋಡ್ತಾನೇ ಹೋದ್ಲು. ಭಾಗ್ಯವಂತೆ. ಅಲ್ವೇನೇ?"

ಮಗಳು ಮಂಚದಿಂದ ಇಳಿದಳು. ಅವಳು ಸುಮ್ಮನಿದ್ದರೆ ಜನ ಅದನ್ನು ಹೌದು ಎಂದೇ ತಿಳಿಯುತ್ತಿದ್ದರು. ಅವಳು ಗುಂಡಿ ಹೊಲಿಯುವ ಸಮವಸ್ತ್ರದ ಅಂಗಡಿಯಲ್ಲೂ ಹಾಗೇ. ಇನ್ನೂ ನಲವತ್ತು ಅಂಗಿ ಕೊಡಲಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿಟ್ಟು ಹೋಗುತ್ತಿದ್ದರು.

*

ಕೊನೆಯ ಐದು ದಿನ ಅಮ್ಮ ಆಕಾಶ ನೋಡಿರಲಿಲ್ಲ.

ಮೊದಲ ದಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಎರಡನೆಯ ದಿನ, "ಪರದೆ ಎಳಿ" ಅಂದಳು. ಮಗಳು ಅದು ತೆರೆಯಲೆಂದೇ ಅಂದುಕೊಂಡು ಪರದೆಯನ್ನು ಇನ್ನಷ್ಟು ತೆರೆದಳು. ಅಮ್ಮ ಕಣ್ಣು ಮುಚ್ಚಿಕೊಂಡು ಚೀರಿದಳು.

ಬೀದಿಯಲ್ಲಿ ನಿಂತು ಇರುವೆಯ ಸಾಲಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಿದ್ದ ಹೆಂಗಸು ಅವಳು. ಬಸ್ಸಿನಲ್ಲಿ ಪಕ್ಕದವರ ತೋಳು ತಟ್ಟಿ, ನೋಡಿ, ಆ ಮೋಡದ ಅಂಚು ನೋಡಿ, ದೇವರು ಎಷ್ಟು ಪುರಸೊತ್ತಾಗಿ ಮಾಡಿದ್ದಾನೆ, ಅನ್ನುತ್ತಿದ್ದವಳು. ಮಗಳು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದರೆ, ಅಲ್ಲೂ ಅದೇ ಮೋಡ.

"ಏನಮ್ಮಾ? ಏನಾಯ್ತು?"

"ಅಷ್ಟು ದೊಡ್ಡದು ಅದು," ಅಂದಳು ಅಮ್ಮ. "ಅಷ್ಟು ದೊಡ್ಡದರಲ್ಲಿ ನಾನೆಲ್ಲಿ ಅಂತ ಯಾರು ಹುಡುಕ್ತಾರೆ?"

ಮಗಳು ಈ ಸಲ ಮುಚ್ಚುವ ಕಡೆಗೆ ಪರದೆ ಎಳೆದಳು. ಐದನೆಯ ದಿನ, ಮೊನ್ನೆ ಮಧ್ಯಾಹ್ನ, ಅಮ್ಮನ ಕೈ ಅವಳ ಕೈಯಲ್ಲಿತ್ತು. ಪರದೆಯ ನಡುವೆ ಬೆರಳಗಲ ಸಂದು ಉಳಿದಿತ್ತು. "ಅಲ್ಲಿಂದ ಬರ್ತಿದೆ," ಅಂದಳು ಅಮ್ಮ. "ಆ ಸಂದು ಮುಚ್ಚೇ." ಮಗಳು ಕೈ ಬಿಡಿಸಿಕೊಳ್ಳಬೇಕಾಯಿತು, ಹಿಡಿತ ಬಿಗಿಯಾಗಿತ್ತು, ಒಂದೊಂದೇ ಬೆರಳು ಬಿಡಿಸಿದಳು. ಮಂಚ ಸುತ್ತಿ ನಾಲ್ಕು ಹೆಜ್ಜೆ ಹೋಗಿ ಸಂದು ಮುಚ್ಚಿ ತಿರುಗಿದಾಗ ಅಮ್ಮ ಇರಲಿಲ್ಲ.

*

ಮುಂದಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಕುಳಿತವರಿಗೆ ದೊಡ್ಡಮ್ಮ ಕೊನೆಯ ಗಳಿಗೆಯ ಕತೆ ಹೇಳುತ್ತಿದ್ದಳು. ಮೊದಲು ಬಂದವರಿಗೆ ಆಕಾಶ ಮಾತ್ರ ಇತ್ತು. ಅರ್ಧ ಗಂಟೆ ಕಳೆದು ಬಂದವರಿಗೆ, ಅಮ್ಮ ಬೆರಳೆತ್ತಿ ಕಿಟಕಿ ತೋರಿಸಿದ್ದಳು. ಕೆಳಮನೆಯ ಟೈಲರ್ ಬರುವ ಹೊತ್ತಿಗೆ ಕಿಟಕಿಯ ಮೇಲೆ ಒಂದು ಹಕ್ಕಿಯೂ ಬಂದು ಕೂತಿತ್ತು.

"ಯಾವ ಹಕ್ಕಿ?" ಅಂದ ಟೈಲರ್.

"ಬಿಳೀದು," ಅಂದಳು ದೊಡ್ಡಮ್ಮ, ಕಣ್ಣೊರೆಸಿಕೊಳ್ಳುತ್ತ. ಅವಳು ಸುಳ್ಳು ಹೇಳುತ್ತಿರಲಿಲ್ಲ. ತಂಗಿಗೆ ಇಷ್ಟಾದರೂ ಸಿಕ್ಕಿರಬೇಕು ಎಂದು ನಂಬಿದ್ದಳು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. ಪಾದ್ರಿ ಬಂದು ಅವಳ ಮುಂದೆ ನಿಂತರು.

"ಕೊನೇ ಗಳಿಗೆಯಲ್ಲಿ ಹತ್ತಿರ ಇದ್ದವಳು ನೀನೇ ಅಲ್ವಾ ಮಗಳೇ?"

ಅವಳಿಗೆ ಗೊತ್ತಿತ್ತು. ಇಷ್ಟು ಹೊತ್ತೂ ಅವಳು ಹೆದರಿದ್ದು ಈ ಪ್ರಶ್ನೆಗೇ. ಅವರ ಪುಟ್ಟ ಕ್ರೈಸ್ತ ಸಭೆಯಲ್ಲಿ ಒಂದು ರೂಢಿಯಿತ್ತು. ಪೆಟ್ಟಿಗೆ ಇಳಿಸುವ ಮೊದಲು, ಕೊನೆಯಲ್ಲಿ ಪಕ್ಕದಲ್ಲಿದ್ದವರು ಸಮಾಧಿ ಗುಂಡಿಯ ಅಂಚಿನಲ್ಲಿ ನಿಂತು, ಹೋದವರ ಪರವಾಗಿ ದೇವರಿಗೆ ಒಂದು ಸ್ತೋತ್ರ, ಕೃತಜ್ಞತೆಯ ಒಂದು ಮಾತು, ಹೇಳಬೇಕು. ಒಂದೇ ಒಂದು. ಅದು ನಿಜವಾಗಿರಬೇಕು.

"ಅಣ್ಣ ಹೇಳಲಿ, ಅಯ್ಯನವರೇ."

"ನಿಮ್ಮಣ್ಣ ಇವತ್ತು ಬೆಳಿಗ್ಗೆ ಬಂದವನು. ನೀನು ಹೇಳ್ಬೇಕಮ್ಮ. ಹಕ್ಕಿ ವಿಷಯ ಹೇಳಿದ್ರೂ ಸಾಕು. ಒಂದು ವಾಕ್ಯ."

ಹಕ್ಕಿ ಎಂದರೆ ದೇವರ ಮುಂದೆ ಸುಳ್ಳು. ಪರದೆ ಎಂದರೆ, ಐವತ್ತೆಂಟು ವರ್ಷ ಸ್ತೋತ್ರ ಹೇಳಿದ ಬಾಯಿ ಕೊನೆಗೆ ಬರಿದಾಗಿತ್ತೆಂದು ಎಲ್ಲರ ಮುಂದೆ ಅಮ್ಮನನ್ನು ಬಿಟ್ಟುಕೊಟ್ಟ ಹಾಗೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು: ಕೊನೆಗೆ ಕಂಡದ್ದೇ ನಿಜವಾಗಿದ್ದು, ಹಿಂದಿನ ಸ್ತೋತ್ರವೆಲ್ಲ ಬರೀ ಬಾಯಿಪಾಠವಾಗಿದ್ದರೆ?

ಅವಳು ಅಡುಗೆಮನೆಗೆ ಹೋದಳು.

ಅಲ್ಲಿ ಇಸ್ತ್ರಿಯಮ್ಮ ಲೋಟ ತೊಳೆಯುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಮ್ಮ ಒಣಹಾಕುವವಳು, ಇವಳು ಇಸ್ತ್ರಿ ಮಾಡುವವಳು. ಇಪ್ಪತ್ತೆರಡು ವರ್ಷ ಜೊತೆಗಿದ್ದವರು. ಇಸ್ತ್ರಿಯಮ್ಮ ಅಳುತ್ತಲೇ ನಗುವ ಹೆಂಗಸು.

"ನಿಮ್ಮಮ್ಮ ಒಂದ್ಸಲ ಆಪರೇಷನ್ ಕೋಣೆ ಬಟ್ಟೆ ಪೂರಾ ನೆನೆಸಿದ್ಲು, ಗೊತ್ತಾ ನಿನಗೆ? ಟೆರೇಸಿನ ಮೇಲೆ. ಕರೀ ಮೋಡ ಏರ್ಕೊಂಡು ಬರ್ತಿದೆ, ನಾವೆಲ್ಲ ಬಟ್ಟೆ ಎಳ್ಕೊಂಡು ಎದ್ದೂ ಬಿದ್ದೂ ಓಡ್ತಿದ್ದೀವಿ. ಇವಳು ಕಂಬ ಹಿಡ್ಕೊಂಡು ನಿಂತವಳೆ! ಬಾಯಲ್ಲಿ ನಾಲ್ಕು ಕ್ಲಿಪ್ಪು ಬೇರೆ. ಕ್ಲಿಪ್ಪು ಕಚ್ಕೊಂಡೇ ಸ್ತೋತ್ರ, ಸ್ತೋತ್ರ ಅಂತಿದಾಳೆ. ಅದೇನು ಸ್ವರ ಅಂತೀಯ!"

ಮಗಳ ತುಟಿ ಅಲುಗಿತು.

"ಯಾಕೆ ತಡ ಮಾಡ್ದೆ, ಕಾರಣ ಬರೆದು ಕೊಡು ಅಂದ್ರು ಸೂಪರ್‌ವೈಸರು. ಇವಳು ಬರೆದ್ಲಮ್ಮ. 'ಮೋಡ ಚೆನ್ನಾಗಿತ್ತು.' ಅಷ್ಟೇ. ಕೆಳಗೆ ಸಹಿ." ಇಸ್ತ್ರಿಯಮ್ಮ ನಕ್ಕು, ಸೆರಗಿನಿಂದ ಮೂಗೊರೆಸಿಕೊಂಡು, ಇನ್ನೊಂದು ಲೋಟ ಎತ್ತಿಕೊಂಡಳು. "ಗಡಗಡ ನಡುಗ್ತಿದ್ಲು ಕಣೇ. ಕಂಬದಿಂದ ಅವಳ ಕೈ ಬಿಡಿಸೋಕೆ ಇಬ್ಬರು ಬೇಕಾಯ್ತು. ಚಳಿ ಅಂದ್ಕೊಂಡೆ. ಆದ್ರೆ ಕಡುಬೇಸಿಗೆ ಅದು. ಚಳಿ ಎಲ್ಲಿಂದ ಬರ್ಬೇಕು?"

ಅವಳು ತುಂಬಿದ ಲೋಟವನ್ನು ಹಾಗೇ ಹಿಡಿದು ನಿಂತಳು. ನಲ್ಲಿ ಹರಿಯುತ್ತಿತ್ತು.

*

ಹದಿಮೂರನೆಯ ವರ್ಷ ಮಗಳು ಶಾಲೆ ಬಿಟ್ಟಳು. ಎದ್ದು ನಿಂತು ಉತ್ತರ ಹೇಳಬೇಕಾದಾಗೆಲ್ಲ ಅವಳಿಗೆ ವಾಂತಿ ಬರುತ್ತಿತ್ತು. ಅಮ್ಮ ಬೈಯಲಿಲ್ಲ, ಮರುದಿನ ತನ್ನ ಜೊತೆ ಟೆರೇಸಿಗೆ ಕರೆದುಕೊಂಡು ಹೋದಳು.

ಒದ್ದೆ ಬೆಡ್‌ಶೀಟುಗಳ ಸಾಲಿನ ನಡುವೆ ಓಣಿಗಳಿದ್ದವು. ಸಂಜೆಯ ಹೊತ್ತು ಅಂಥ ಒಂದು ಓಣಿಯ ಕೊನೆಯಲ್ಲಿ ಅವರಿಬ್ಬರೂ ನಿಂತಿದ್ದಾಗ, ಆಸ್ಪತ್ರೆಯ ಹೊಗೆಕೊಳವೆಯ ಹಿಂದಿನಿಂದ ಸಾವಿರಾರು ಸಣ್ಣ ಹಕ್ಕಿಗಳು ಎದ್ದವು. ಒಂದೇ ಬಟ್ಟೆಯನ್ನು ಕೊಡವಿದ ಹಾಗೆ ಆಕಾಶದ ಉದ್ದಕ್ಕೂ ಬಿಚ್ಚಿಕೊಂಡವು, ಹಿಂಡಿಕೊಂಡವು, ಅವರ ತಲೆಯ ಮೇಲೇ ತಿರುಗಿದವು. ರೆಕ್ಕೆಗಳ ಗಾಳಿ ಮುಖಕ್ಕೆ ತಗುಲಿತು.

"ಕರ್ತನೇ, ಸ್ತೋತ್ರ," ಅಂದಳು ಅಮ್ಮ.

"ಅಮ್ಮಾ, ನನಗೆ ಹೆದರಿಕೆ ಆಗ್ತಿದೆ."

"ಆಗ್ಲಿ. ಕೈ ಬಿಡಬೇಡ."

ತನ್ನನ್ನು ಸಮಾಧಾನ ಮಾಡಲು ಅಂದ ಮಾತು ಎಂದು ಮಗಳು ಇಷ್ಟು ವರ್ಷ ತಿಳಿದಿದ್ದಳು. ಅವಳ ಕೈಯ ಹಿಂಬದಿಯಲ್ಲಿ ನಾಲ್ಕು ಉಗುರಿನ ಗುರುತು ಆ ರಾತ್ರಿ ಮಲಗುವವರೆಗೂ ಕೆಂಪಾಗಿಯೇ ಇತ್ತು. ಆ ಉಗುರುಗಳು ಅಮ್ಮನವು.

*

ಸಮಾಧಿಯ ಜಾಗಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಮಗಳು ತಲೆ ಎತ್ತಲಿಲ್ಲ. ಮೇಲೆ ಆಕಾಶ ಒಂದು ಚೂರೂ ಮೋಡವಿಲ್ಲದೆ ಖಾಲಿಯಾಗಿತ್ತು. ಅದು ತನ್ನ ಬೆನ್ನ ಮೇಲೆ ಕೂತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಅಮ್ಮನಿಗೂ ಹೀಗೇ ಆಗಿರಬೇಕು.

ಗುಂಡಿಯ ಪಕ್ಕದಲ್ಲಿ ಎರಡು ಹಲಗೆ, ಹಲಗೆಯ ಮೇಲೆ ಪೆಟ್ಟಿಗೆ. ಹಗ್ಗ ಹಿಡಿದು ನಾಲ್ವರು ನಿಂತಿದ್ದರು, ಅವರಲ್ಲಿ ಅಣ್ಣನೂ ಒಬ್ಬ. ಗುಂಡಿ ತೋಡಿದವನು ಸನಿಕೆಯ ಮೇಲೆ ಗಲ್ಲ ಊರಿದ್ದ. ಪಾದ್ರಿ ಓದಿ ಮುಗಿಸಿ ಪುಸ್ತಕ ಮುಚ್ಚಿದರು.

"ಒಂದು ಸ್ತೋತ್ರ, ಮಗಳೇ."

ಅವಳು ಅಂಚಿಗೆ ಬಂದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು.

"ಹಕ್ಕಿ," ಎಂದು ದೊಡ್ಡಮ್ಮ ಹಿಂದಿನಿಂದ ಪಿಸುಗುಟ್ಟಿದಳು. "ಹಕ್ಕಿ ವಿಷಯ ಹೇಳೇ."

"ಹಕ್ಕಿ ಬರಲಿಲ್ಲ," ಅಂದಳು ಮಗಳು.

ಯಾರಿಗೂ ಸರಿಯಾಗಿ ಕೇಳಲಿಲ್ಲ. ಅವಳು ಮತ್ತೆ ಹೇಳಿದಳು, ಈ ಸಲ ಜೋರಾಗಿ. "ಹಕ್ಕಿ ಬರಲಿಲ್ಲ ದೊಡ್ಡಮ್ಮ. ಅಮ್ಮ ಆಕಾಶ ನೋಡಲಿಲ್ಲ. ಪರದೆ ಮುಚ್ಚು ಅಂದ್ಲು. ಅಮ್ಮನಿಗೆ ತುಂಬಾ ಹೆದರಿಕೆ ಆಗಿತ್ತು. ಪರದೆ ಮುಚ್ಚೋಕೆ ನಾನು ಅವಳ ಕೈ ಬಿಡಿಸ್ಕೊಂಡು ಹೋದೆ. ಆಗ ಹೋಗ್ಬಿಟ್ಲು."

ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣ ಹಗ್ಗವನ್ನೇ ನೋಡುತ್ತಿದ್ದ. ಯಾರೋ ಕೆಮ್ಮಿದರು. ಇಸ್ತ್ರಿಯಮ್ಮ ಮಾತ್ರ, ಬಹಳ ದಿನದ ಒಂದು ಲೆಕ್ಕ ಸರಿಹೋದವಳಂತೆ, ಮೆಲ್ಲಗೆ ತಲೆದೂಗಿದಳು.

"ಟೆರೇಸಲ್ಲೂ ಹೆದರ್ತಿದ್ಲು," ಅಂದಳು ಮಗಳು. "ಮೋಡಕ್ಕೆ, ಹಕ್ಕಿಗೆ, ಎಲ್ಲದಕ್ಕೂ. ಹೆದರ್ಕೊಂಡೇ ಸ್ತೋತ್ರ ಹೇಳ್ತಿದ್ಲು. ಈ ಸಲ ಹೇಳೋಕೆ ಆಗಲಿಲ್ಲ, ಅಷ್ಟೇ."

ಪಾದ್ರಿ ಕಾದರು. ಅವಳ ಮಾತು ಮುಗಿದಿತ್ತು, ಸ್ತೋತ್ರ ಮಾತ್ರ ಇನ್ನೂ ಉಳಿದಿತ್ತು. ಅದು ನಿಜವಾಗಿರಬೇಕು. ಅಮ್ಮನಾಗಿದ್ದರೆ ಕಣ್ಣೆದುರು ಇದ್ದದ್ದನ್ನೇ ಹೇಳುತ್ತಿದ್ದಳು. ಮಗಳ ಕಣ್ಣೆದುರು ಇದ್ದದ್ದು ಗುಂಡಿ, ಬೆಳಗಿನಿಂದ ಅವಳು ನೋಡಲಾರೆ ಎಂದುಕೊಂಡಿದ್ದ ಗುಂಡಿ. ಅವಳು ಬಗ್ಗಿ ನೋಡಿದಳು.

ಒಳಗೆ ಕತ್ತಲೆ ಇರಲಿಲ್ಲ. ಬಿಸಿಲು ಒಂದು ಗೋಡೆಯ ಮೇಲೆ ಓರೆಯಾಗಿ ಇಳಿದಿತ್ತು. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಕೆಂಪು, ಅದರ ಕೆಳಗೆ ಹಳದಿ, ಹಳದಿಯಲ್ಲಿ ಉಪ್ಪಿನ ಹರಳಿನಂಥ ಕಲ್ಲುಗಳು ಮಿನುಗುತ್ತಿದ್ದವು. ಎಷ್ಟೋ ಕಾಲದಿಂದ ಯಾರೂ ನೋಡದೆ ಅದೆಲ್ಲ ಅಲ್ಲಿ ಅಷ್ಟು ಚೆನ್ನಾಗಿ ಇತ್ತು. ಕೆಂಪಿನ ನಡುವೆ, ಸನಿಕೆಗೆ ತುಂಡಾದ ಒಂದು ಬೇರು ಹೊರಚಾಚಿತ್ತು. ಕಡಿದ ಬಾಯಿ ಹಾಲಿನಷ್ಟು ಬಿಳುಪು.

"ಅದು ಆಚೆ ಮರದ್ದು ತಾಯಿ," ಅಂದ ಗುಂಡಿ ತೋಡಿದವನು, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಬೆಳಿಗ್ಗೆ ಏಟು ಬಿತ್ತು. ಇನ್ನೂ ನೀರು ಎಳೀತಾನೇ ಇದೆ ನೋಡಿ."

"ಈ ಬೇರಿಗೆ," ಅಂದಳು ಮಗಳು. ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು. "ಕರ್ತನೇ, ಈ ಬೇರಿಗೆ ಸ್ತೋತ್ರ."

ಪಾದ್ರಿ ಹಗ್ಗದವರಿಗೆ ಸನ್ನೆ ಮಾಡಲು ಕೈ ಎತ್ತಿದವರು ಹಾಗೇ ನಿಲ್ಲಿಸಿದರು. ದೊಡ್ಡಮ್ಮ ಮುಂದೆ ಬಂದು ಮೊಣಕಾಲು ಹಿಡಿದು ಬಗ್ಗಿದಳು. ಅವಳ ಪಕ್ಕದಲ್ಲಿ ಟೈಲರ್ ಬಗ್ಗಿದ, ಆಮೇಲೆ ಉಳಿದವರು. ಬೇರಿನ ಕಡಿದ ತುದಿಯಲ್ಲಿ ಒಂದು ಹನಿ ಕಟ್ಟಿಕೊಳ್ಳುತ್ತಿತ್ತು. ಅದು ಇಷ್ಟಿಷ್ಟೇ ದಪ್ಪವಾಯಿತು, ಬೆಳಕು ಹಿಡಿಯಿತು, ತುಸು ಜಗ್ಗಿತು, ಆದರೂ ಬೀಳಲಿಲ್ಲ.