ಕಲ್ಲಮ್ಮ ನಕ್ಕಳು

ಸ್ಕ್ಯಾನಿಂಗ್ ಮಾಡುವ ಅವಳಿಗೆ ಮಕ್ಕಳ ಆಸ್ಪತ್ರೆಯವರು ಇಟ್ಟ ಹೆಸರು ಕಲ್ಲಮ್ಮ. ಇಡದೆ ಏನು ಮಾಡಿಯಾರು? ಪರದೆಯ ಮೇಲೆ ಏನೇ ಕಂಡರೂ ಡಾಕ್ಟರು ಹೇಳುವ ಮುಂಚೆ ಅವಳು ಬಾಯಿ ಬಿಡುವಂತಿಲ್ಲ. ಹೆತ್ತವರೋ, ಪರದೆ ಬಿಟ್ಟು ಅವಳ ಮುಖವನ್ನೇ ಓದುತ್ತಾರೆ. ಅದಕ್ಕೇ ಮುಖಕ್ಕೊಂದು ಬೀಗ ಜಡಿದುಕೊಂಡಿದ್ದಳು. ಮನೆಗೆ ಹೋದರೂ ಆ ಬೀಗ ತೆಗೆಯಲು ಬರುತ್ತಿರಲಿಲ್ಲ. ತೆಗೆದು ತೋರಿಸಬೇಕಾದದ್ದಾದರೂ ಯಾರಿಗೆ, ಗೋಡೆಗಳಿಗಾ?

ಅಂಥವಳಿಗೆ ಒಂದು ಹಸುಗೂಸು ಗಂಟುಬಿದ್ದಿತ್ತು. ಹೃದಯದ ಚಿಕಿತ್ಸೆಗೆಂದು ಅದರ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿದ್ದರು. ಹೃದಯ ಸರಿಹೋಯಿತು, ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ತಣ್ಣಗಾಯಿತು. ಔಷಧಿಗೆ ಹೆಪ್ಪು ಕರಗುತ್ತಿದೆಯೋ ಇಲ್ಲವೋ ಎಂದು ದಿನವೂ ಸ್ಕ್ಯಾನ್. ಕರಗದಿದ್ದರೆ ಕಾಲಿಗೇ ಸಂಚಕಾರ.

"ಬಂದ್ಯೇನೋ ಕಳ್ಳಾ?" ಎಂದು ದಿನಾ ಕೂಸನ್ನು ಮಾತಾಡಿಸುತ್ತಿದ್ದಳು. ಇಡೀ ದಿನದಲ್ಲಿ ಅವಳು ಮನಸಾರೆ ಆಡುವ ಮಾತು ಅದೊಂದೇ.

ಇವತ್ತು ಪರದೆಯಲ್ಲಿ ಬಣ್ಣವೇ ಮೂಡಲಿಲ್ಲ. ನಿನ್ನೆ ರಕ್ತ ಎಳೆಯಷ್ಟು ಕೆಂಪಗೆ ಹರಿದಿದ್ದ ಜಾಗ ಪೂರಾ ಕಪ್ಪು. ತೊಡೆಯ ಮೇಲೆ ಆಡಿಸುವ ಪ್ರೋಬನ್ನು ಇನ್ನೂ ಸ್ವಲ್ಪ ಒತ್ತಿ ನೋಡಿದಳು. ಉಹೂಂ.

"ಅಕ್ಕಾ, ಏನಾಯ್ತು? ಹೇಳಿ ಅಕ್ಕಾ," ಕೂಸಿನ ತಾಯಿ ಅವಳ ಮುಖವನ್ನೇ ನೋಡುತ್ತ ಕೇಳಿದಳು.

"ಡಾಕ್ಟ್ರು ಹೇಳ್ತಾರಮ್ಮ."

ಆಗ ಕಣ್ಣಿಗೆ ಬಿತ್ತು, ಪ್ರೋಬ್ ಹಿಡಿದ ತನ್ನದೇ ಕೈ. ಒತ್ತಿ ಒತ್ತಿ ಉಗುರೆಲ್ಲ ಬೆಳ್ಳಗಾಗಿದೆ! ಥೂ, ನನ್ನ ಕೈ ಸೇದಿಹೋಗ! ಎಳೆಗೂಸಿನ ನಾಳ, ಒತ್ತಿದರೆ ಮುಚ್ಚಿಕೊಳ್ಳದೆ ಇನ್ನೇನು? ಹೊಸಬರಿಗೆ ಅವಳೇ ಹೇಳಿಕೊಡುವ ಮೊದಲ ಪಾಠವದು. ಮಮತೆ ಮಿತಿಮೀರಿ ಕೈ ಭಾರವಾಗಿತ್ತು.

ಕೈ ಸಡಿಲಿಸಿದಳು. ಮಷೀನು ಸುಂಯ್ ಸುಂಯ್ ಎಂದಿತು. ತೊಡೆಯಿಂದ ಮಂಡಿಯವರೆಗೂ ನಾಳದ ತುಂಬ ಕೆಂಪು ಹರಿಯಿತು. ಹೆಪ್ಪಿನ ಸುಳಿವೇ ಇಲ್ಲ.

ಕಲ್ಲಮ್ಮ ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟಳು.

ತಾಯಿ ಆ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಕೂಸನ್ನು ಎದೆಗವಚಿಕೊಂಡು, "ರೀ, ಕಾಲು ಉಳೀತು ಕಣ್ರೀ!" ಎಂದು ಹೊರಗೆ ಕಾದಿದ್ದ ಗಂಡನತ್ತ ಓಡಿದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಇನ್ನು ಅವರು ದಿನಾ ಬರಬೇಕಿಲ್ಲ.

ಕಲ್ಲಮ್ಮ ಹಾಸಿಗೆಗೆ ಅಂಟಿದ್ದ ಜೆಲ್ ಒರೆಸಿದಳು. ನಗು ಇನ್ನೂ ಮುಖದ ಮೇಲೆಯೇ ಇತ್ತು. ನೋಡಲು ಯಾರೂ ಇರಲಿಲ್ಲ.

"ಹೋಗ್ಬಿಟ್ಯೇನೋ ಕಳ್ಳಾ?" ಎಂದಳು, ಖಾಲಿ ಹಾಸಿಗೆಗೆ.