ಪಶ್ಚಿಮ ದಿಕ್ಕಿನ ಸೈಟುಗಳು

ಹೆಗ್ಗನಹಳ್ಳಿಯ ಕೆಂಪಯ್ಯನವರಿಗೆ ಖಾಲಿ ನೆಲ ಕಂಡರೆ ಸುಮ್ಮನಿರಲು ಬರುವುದಿಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಮಾರಿದವರು ಅವರೇ. ಆಮೇಲೆ ಅಕ್ಕಪಕ್ಕದವರ ಹೊಲಗಳನ್ನೂ ಮುಂದೆ ನಿಂತು ಮಾರಿಸಿಕೊಟ್ಟರು. ಈಗ ಆ ಕಡೆ ಮಾರಲು ಅಂಗೈಯಗಲ ಜಾಗವೂ ಉಳಿದಿಲ್ಲವಾಗಿ ಅವರ ಕಣ್ಣಿಗೆ ಕೆಲಸವಿಲ್ಲ. ಇಂಥ ಕಣ್ಣನ್ನು ಕರಾವಳಿಗೆ ಕರೆದುಕೊಂಡು ಹೋಗಬಾರದಿತ್ತು.

ಹೊರಟಿದ್ದು ಅವರ ಹೆಂಡತಿ ಯಶೋದಮ್ಮನಿಗಾಗಿ. ಆಕೆ ಹುಟ್ಟಿದಂದಿನಿಂದ ಕಂಡ ಅತಿ ದೊಡ್ಡ ನೀರೆಂದರೆ ತಿಪ್ಪಗೊಂಡನಹಳ್ಳಿಯ ಜಲಾಶಯ. ಮುಂದಿನ ತಿಂಗಳು ಎರಡೂ ಮಂಡಿಗೆ ಆಪರೇಷನ್ ಎಂದು ಗೊತ್ತಾದ ದಿನ ಮಗ ಭೈರೇಶನನ್ನು ಕೂರಿಸಿಕೊಂಡು ಹೇಳಿದ್ದರು: "ಹುಟ್ಟಿದಾಗ ಬಂದ ಮಂಡಿ ಇರೋವಾಗ್ಲೇ ಒಂದ್ಸಲ ಸಮುದ್ರದಲ್ಲಿ ನಿಂತ್ಕೊಂಡು ಸೂರ್ಯ ಮುಳುಗೋದು ನೋಡ್ಬೇಕು ಕಣೋ. ಸ್ಟೀಲ್ ಹಾಕಿದ್ಮೇಲೆ ಉಪ್ಪುನೀರಿಗಿಳಿದ್ರೆ ತುಕ್ಕು ಹಿಡಿದ್ರೆ ಏನ್ ಮಾಡೋದು?"

ತುಕ್ಕು ಹಿಡಿಯುವುದಿಲ್ಲವೆಂದು ಸೊಸೆ ರಮ್ಯ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಆದರೂ ಮೂರು ಸಂಜೆಗಳ ಪ್ರವಾಸ ನಿಶ್ಚಯವಾಯಿತು. ಭೈರೇಶ ಕಾರು ಓಡಿಸುವುದು, ರಮ್ಯ ದಾರಿ ಹೇಳುವುದು, ಯಶೋದಮ್ಮ ನೋಡುವುದು. ಕೆಂಪಯ್ಯನವರಿಗೆ ಯಾರೂ ಯಾವ ಕೆಲಸವನ್ನೂ ಕೊಡಲಿಲ್ಲ. ಅಲ್ಲೇ ತಪ್ಪಾಗಿದ್ದು.

ಮೊದಲ ಸಂಜೆ ಮಲ್ಪೆಯಲ್ಲಿ ಸೂರ್ಯಾಸ್ತ ನೋಡಬೇಕಿತ್ತು. ಉಡುಪಿ ಇನ್ನೇನು ಬಂತು ಎನ್ನುವಾಗ ಕೆಂಪಯ್ಯ ಎಳನೀರು ಕುಡಿಯಲು ಇಳಿದರು. ಕುಡಿದದ್ದು ಒಂದು ಎಳನೀರು. ವಿಚಾರಿಸಿದ್ದು ಅಂಗಡಿಯ ಹಿಂದಿದ್ದ ಇಡೀ ತೋಟ. ತೋಟದ ಯಜಮಾನರು ಮುಂಬೈಯಲ್ಲಿದ್ದರು. ಅವರಿಗೆ ಫೋನು ಹಚ್ಚಿ ಮಾತಾಡಿ ಮುಗಿಸುವ ಹೊತ್ತಿಗೆ ಸೂರ್ಯ ಅದೇ ತೋಟದ ಹಿಂದೆ ಇಳಿದುಹೋಗಿದ್ದ.

ಎರಡನೆಯ ದಿನ ಮರವಂತೆ. ರಸ್ತೆಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ನದಿ. ಯಶೋದಮ್ಮ ಕಿಟಕಿಯ ಗಾಜಿಳಿಸಿ ಬಾಯಿ ಮುಚ್ಚುವುದನ್ನೇ ಮರೆತರು. ಕೆಂಪಯ್ಯ ಆ ಕಡೆ ಈ ಕಡೆ ನೋಡಿ ನಿಟ್ಟುಸಿರಿಟ್ಟರು.

"ಎರಡು ಕಡೆನೂ ನೀರು. ಮನೆ ಸುತ್ತ ಸೆಟ್‌ಬ್ಯಾಕ್ ಜಾಗ ಎಲ್ ಬಿಡ್ತಾರೆ?"

"ಅಪ್ಪಾ, ಸುಮ್ನೆ ನೋಡಪ್ಪ," ಎಂದ ಭೈರೇಶ.

"ನೋಡ್ತಾನೇ ಇದೀನಲ್ಲೋ. ಸಮುದ್ರಕ್ಕೆ ಮುಖ ಮಾಡಿದ್ರೆ ಬಾಗ್ಲು ಪಶ್ಚಿಮಕ್ಕೆ ಬರುತ್ತೆ. ನಮ್ ಕಡೆ ಗಿರಾಕಿ ಒಪ್ಪಲ್ಲ."

ಗಂಗೊಳ್ಳಿಯ ಬಂದರಿನ ಮೇಲೆ ಗರುಡಗಳು ಗುಂಪುಗುಂಪಾಗಿ ಸುತ್ತುತ್ತಿದ್ದವು. ಯಶೋದಮ್ಮ ಕೈಮುಗಿದರು. ಕೆಂಪಯ್ಯನವರೂ ಮುಗಿದರು, ಗರುಡ ಬಲಕ್ಕೆ ಬಂದದ್ದು ಒಳ್ಳೆಯ ಶಕುನವೆಂದರು. ಯಾವುದಕ್ಕೆ ಶಕುನವೆಂಬುದು ಸಂಜೆ ತಿಳಿಯಿತು. ಭಟ್ಕಳದ ಆಚೆ ಒಬ್ಬ ಬ್ರೋಕರ್ ಸಿಕ್ಕಿದ. ಅವನ ಅಂಗಡಿಯ ಗೋಡೆಯಲ್ಲಿ ಸೂರ್ಯಾಸ್ತದ ಕ್ಯಾಲೆಂಡರೊಂದಿತ್ತು. ಯಶೋದಮ್ಮ ಅವತ್ತು ನೋಡಿದ್ದು ಅದನ್ನೇ.

"ಅತ್ತೆ, ನಾಳೆ ಗ್ಯಾರಂಟಿ," ಎಂದಳು ರಮ್ಯ.

"ನಿಮ್ ಮಾವನ್ನ ಡಿಕ್ಕಿಲಿ ಹಾಕ್ಕೊಂಡ್ ಹೋದ್ರೆ ಗ್ಯಾರಂಟಿ," ಎಂದರು ಯಶೋದಮ್ಮ.

ಮೂರನೆಯ ದಿನ ಹೊನ್ನಾವರ ದಾಟಿ, ಕಡಲಾಮೆಗಳು ಮೊಟ್ಟೆಯಿಡುವ ದಡವೊಂದಕ್ಕೆ ಬಂದಾಗ ಸೂರ್ಯ ಇನ್ನೂ ಮಾರುದ್ದ ಮೇಲಿದ್ದ. ಎಲ್ಲರಿಗೂ ಆಶ್ಚರ್ಯ. ಭೈರೇಶ ರಸ್ತೆಯ ಬದಿಗೆ ಕಾರು ನಿಲ್ಲಿಸಲು ಹೋದ.

"ಅಲ್ಲಿ ಬೇಡ, ಇನ್ನೂ ಮುಂದಕ್ ಬಿಡು. ಗಟ್ಟಿ ನೆಲ. ಮಣ್ಣಿನ್ ವಿಷ್ಯ ನಂಗ್ ಹೇಳ್ಕೊಡ್ತೀಯಾ?" ಎಂದರು ಕೆಂಪಯ್ಯ.

ಮುಂದಿನ ಚಕ್ರಗಳೆರಡೂ ಮರಳಿನಲ್ಲಿ ಹೂತುಕೊಂಡವು. ಭೈರೇಶ ಮಂಡಿಯೂರಿ ಎರಡು ಕೈಯಲ್ಲೂ ಮರಳು ತೋಡತೊಡಗಿದ. ರಮ್ಯ ತೆಂಗಿನ ಗರಿ ತರಲು ಓಡಿದಳು. ಹೋಗುವಾಗ, "ಮಾವ, ನೀವಾದ್ರೂ ಅತ್ತೆನ ನೀರ್ ಹತ್ರ ಕರ್ಕೊಂಡ್ ಹೋಗಿ, ಪ್ಲೀಸ್," ಎಂದಳು.

ದಡ ಇಳಿಜಾರಾಗಿತ್ತು. ಯಶೋದಮ್ಮ ಒಂದು ಹೆಜ್ಜೆಯಿಟ್ಟು, ಮಂಡಿ ಹಿಡಿದು ನಿಂತರು.

"ರೀ, ಕೈ ಕೊಡಿ."

ಕೈ ಬರಲಿಲ್ಲ. ಕೆಂಪಯ್ಯನವರ ಮುಖ ಬೆಳಗಿತ್ತು. ಎದುರಿಗೆ ಮರಳಿನ ಮೇಲೆ ಸಾಲಾಗಿ ಗೂಟ ನೆಟ್ಟು, ಹಗ್ಗ ಬಿಗಿದು, ಬಲೆ ಸುತ್ತಿ, ಒಂದೊಂದು ಚೌಕಕ್ಕೂ ನಂಬರಿನ ಹಲಗೆ ನಿಲ್ಲಿಸಿದ್ದರು.

"ನೋಡೇ! ಯಾರೋ ಆಗ್ಲೇ ಲೇಔಟ್ ಮಾಡವ್ರೆ!"

ಕಾವಲಿಗಿದ್ದ ಪುರುಷೋತ್ತಮ ಎಂಬಾತ ಎದ್ದು ಬಂದ. ಅರಣ್ಯ ಇಲಾಖೆಯ ಟೋಪಿ, ಮೊಣಕಾಲಿನ ತನಕ ಮಡಚಿದ ಪ್ಯಾಂಟು.

"ಸಾರ್, ಇದು ಯಾರ್ದು?"

"ಆಮೆದು."

"ಪಾರ್ಟಿ ಯಾವೂರವ್ರು?"

"ಕಡಲಾಮೆ ಮಾರಾಯ್ರೇ! ಒಳಗೆ ಮೊಟ್ಟೆ ಉಂಟು. ನಾಯಿ ಬರಬಾರ್ದು ಅಂತ ಬಲೆ."

ಕೆಂಪಯ್ಯ ಬಗ್ಗಿ ಬಲೆಯೊಳಗೆ ಇಣುಕಿದರು. "ಮತ್ತೆ ಆಮೆ ಎಲ್ಲಿ?"

"ಇಟ್ಟು ಹೋಯ್ತು. ತಿರುಗಿ ಬರೋದಿಲ್ಲ."

"ಬರಲ್ವಾ? ಇಷ್ಟ್ ಜಾಗ ಹಿಡ್ದು, ಕಾಂಪೌಂಡ್ ಹಾಕ್ದೆ, ಕಾಯಕ್ ಯಾರ್ನೂ ಬಿಡ್ದೆ ಹೊರ್ಟೋಯ್ತಾ?" ಅವರಿಗೆ ನಿಜವಾಗಿಯೂ ಸಂಕಟವಾಯಿತು. ಹೆಗ್ಗನಹಳ್ಳಿಯಲ್ಲಾಗಿದ್ದರೆ ಒಂದು ವಾರದಲ್ಲಿ ಯಾರಾದರೂ ಶೀಟ್ ಮನೆ ಎಬ್ಬಿಸಿರುತ್ತಿದ್ದರು.

"ರೀ. ಸೂರ್ಯ," ಎಂದರು ಯಶೋದಮ್ಮ.

"ಒಂದ್ ನಿಮ್ಷ ಇರೇ."

ಅಷ್ಟರಲ್ಲಿ ಒಂದು ಚೌಕದ ಮರಳು ಅಲುಗಿತು. ಕಪ್ಪಗೆ, ಬಾಟಲಿ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದಾದ ಆಮೆಮರಿಯೊಂದು ತಲೆಯೆತ್ತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಪುರುಷೋತ್ತಮ ಬಲೆ ಎತ್ತಿ, ಅಲ್ಲಿಂದ ನೀರಿನವರೆಗೆ ಎರಡು ಹಗ್ಗ ಎಳೆದು, ನಡುವೆ ಯಾರೂ ಕಾಲಿಡಕೂಡದು ಎಂದ. ಆ ದಾರಿಯ ಮೇಲೆ ಕಾಗೆಗಳು ಸುತ್ತತೊಡಗಿದವು.

ಕೆಂಪಯ್ಯನವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಟವೆಲು ಬೀಸಿ ಕಾಗೆ ಓಡಿಸಿದರು. ಹಗ್ಗದ ಉದ್ದಕ್ಕೂ ಓಡಾಡಿದರು. ಹೆಂಡತಿ ನೀರಿನ ಕಡೆಗೆ ಹೆಜ್ಜೆಯಿಟ್ಟದ್ದು ಕಂಡಿದ್ದೇ ತಡ, ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಏ, ಎಲ್ಲಿಗ್? ದಾಟ್‌ಬೇಡ, ಅದು ಅವುಗಳ್ ರೋಡು!"

ಯಶೋದಮ್ಮ ಗಂಡನನ್ನು ನೋಡಿದರು. ಸೂರ್ಯನ ಕೆಳ ಅಂಚು ನೀರಿಗೆ ತಾಗಿತ್ತು.

"ಮೂರ್ ದಿನದಿಂದ ಎಳನೀರ್ ತೋಟಕ್ ಕಾದೆ, ಬ್ರೋಕರ್‌ಗ್ ಕಾದೆ, ಈಗ ಆಮೆಗೂ ನಾನೇ ಕಾಯ್ಬೇಕಾ?" ಎಂದರು. ಕೂಗಲಿಲ್ಲ. ಕೂಗಿದ್ದರೆ ಕೆಂಪಯ್ಯ ಹೆದರುತ್ತಿರಲಿಲ್ಲ. "ನೀವ್ ಇಲ್ಲೇ ಇರಿ. ಕಾಯ್ಕೊಳಿ."

ಹಗ್ಗದಿಂದ ದೂರ ಸರಿದು, ಬಲಕ್ಕೆ ಬಳಸಿಕೊಂಡು ಆಕೆ ಒಬ್ಬರೇ ಇಳಿಯತೊಡಗಿದರು. ಎರಡು ಹೆಜ್ಜೆ ಅಡ್ಡಡ್ಡ ಇಡುವುದು, ನಿಲ್ಲುವುದು, ಮತ್ತೆರಡು ಹೆಜ್ಜೆ. ಒಂದು ಸಲ ಕೂತೇಬಿಟ್ಟರು. ಕೂತಲ್ಲಿಂದಲೇ ಅಂಗೈಯೂರಿ ಸ್ವಲ್ಪ ದೂರ ಜಾರಿ, ಎದ್ದರು. ಪುರುಷೋತ್ತಮ, "ನೀವು ಹೋಗಿ ಮಾರಾಯ್ರೇ, ಕಾಗೆ ನಾನು ನೋಡ್ತೇನೆ," ಎಂದು ಕೆಂಪಯ್ಯನವರ ಕೈಯಿಂದ ಟವೆಲು ಕಿತ್ತುಕೊಂಡ.

ಕೆಂಪಯ್ಯ ಓಡಿದರು. ಅವರು ತಲುಪುವ ಹೊತ್ತಿಗೆ ಯಶೋದಮ್ಮ ಮೊಣಕಾಲು ಮಟ್ಟದ ನೀರಿನಲ್ಲಿದ್ದರು. ಸೀರೆ ಒದ್ದೆ, ಕುಂಕುಮ ಇಳಿದಿತ್ತು. ಕೈ ಹಿಡಿಯಲೆಂದು ಕೆಂಪಯ್ಯ ಪಕ್ಕಕ್ಕೆ ಬಂದರು. ಅದೇ ಕ್ಷಣಕ್ಕೆ ಅಲೆಯೊಂದು ಹಿಂದಕ್ಕೆ ಹೋಗುತ್ತ ಅವರ ಪಾದದಡಿಯ ಮರಳನ್ನು ಪೂರ್ತಿಯಾಗಿ ಎಳೆದುಕೊಂಡಿತು.

"ಅಯ್ಯಯ್ಯೋ, ನೆಲ ಹೋಗ್ತಾ ಅದೆ ಕಣೇ!"

ಜನ್ಮದಲ್ಲಿ ಮೊದಲ ಸಲ ಅವರಿಗೆ ಹಾಗನ್ನಿಸಿತ್ತು. ಎರಡೂ ಕೈಯಲ್ಲಿ ಹೆಂಡತಿಯ ತೋಳು ಅವುಚಿಕೊಂಡು ಕಣ್ಣು ಮುಚ್ಚಿದರು.

"ನಡಿ, ನಡಿ, ವಾಪಸ್ ಹೋಗಣ."

"ಸುಮ್ನಿರ್ರೀ."

"ಬಿದ್ದೋಗ್ತೀವೇ!"

"ಬೀಳಲ್ಲ. ಗಟ್ಟಿಯಾಗ್ ಹಿಡ್ಕೊಳಿ, ಮಾತಾಡ್‌ಬೇಡಿ," ಎಂದರು ಯಶೋದಮ್ಮ, ಅವರ ಕಡೆ ತಿರುಗದೆ. ಸೂರ್ಯ ಇನ್ನೂ ಉಗುರಿನಷ್ಟು ಉಳಿದಿದ್ದ.